ಕಮ್ಮಾರ ಕಳಿಸಿದ ಓಲೆ

ಆರು ಸಂಪುಟಗಳ ಮಾಯಾಲೋಕದ ಕಾದಂಬರಿಯೊಂದು ವಿಡಿಯೋ ಗೇಮ್ ಆದಾಗ ಕಮ್ಮಾರ ದ್ಯಾವಪ್ಪನೂ ಅದರೊಳಗೆ ಬಂದಿದ್ದ. ಆಟಗಾರರಿಗೆ ಕತ್ತಿ ಮಾಡಿಕೊಡುವುದು ಅವನ ಕೆಲಸ. ಅವರು ಹೊರಗೆ ಬರೆದ ಅಭಿಪ್ರಾಯಗಳನ್ನು ಓಲೆಕಾರ ಚಿಕ್ಕೀರ ದಿನವೂ ಬೆಳಿಗ್ಗೆ ತಂದು ಓದಿ ಹೇಳುತ್ತಿದ್ದ. 'ಕತ್ತಿ ಬೇಗ ಮೊಂಡಾಗುತ್ತದೆ' ಎಂದು ಒಬ್ಬರು ಬರೆದರೆ, 'ಕಮ್ಮಾರ ಬಲು ಸಿಡುಕ' ಎಂದು ಇನ್ನೊಬ್ಬರು. ದ್ಯಾವಪ್ಪ ಅದನ್ನೆಲ್ಲ ಕಿವಿಗೆ ಹಾಕಿಕೊಂಡು ತನ್ನ ಪಾಡಿಗೆ ಇದ್ದಲು ಕೆದಕುತ್ತಿದ್ದ.

ಮೊನ್ನೆ ಒಬ್ಬಾಕೆ ಹೀಗೆ ಬರೆದಿದ್ದಳು: 'ಕಾದಂಬರಿಯಲ್ಲಿ ಇವನ ಹೆಂಡತಿ ಪಕ್ಕದಲ್ಲೇ ಕೂತು ಕುಲುಮೆಗೆ ತಿದಿ ಒತ್ತುತ್ತಾಳೆ. ಆಟದಲ್ಲಿ ಅವಳನ್ನು ಕೈಬಿಟ್ಟಿದ್ದಾರೆ. ಒಳ್ಳೆಯದೇ ಆಯಿತು, ಆಟ ಚುರುಕಾಗಿದೆ.'

ತನಗೊಬ್ಬ ಹೆಂಡತಿಯಿದ್ದಳೆಂದು ದ್ಯಾವಪ್ಪನಿಗೆ ತಿಳಿದದ್ದೇ ಆಗ. ಅವಳ ಹೆಸರೇನೆಂದು ಕೇಳಿ, ಹಾಗೆ ಬರೆದಾಕೆಗೇ ಓಲೆ ಕಳಿಸಿದ. ಎರಡು ದಿನ ಅವನಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಇವತ್ತು ಉತ್ತರ ಬಂತು. ಅದನ್ನು ಓದಲು ಚಿಕ್ಕೀರ ಹಿಂದುಮುಂದು ನೋಡಿದ.

"ಏನಂತೆ, ಹೇಳಪ್ಪ," ಎಂದ ದ್ಯಾವಪ್ಪ.

"ಪುಸ್ತಕದಾಗೂ ಹೆಸರಿಲ್ವಂತೆ ಅಣ್ಣ. ಬರೀ ಕಮ್ಮಾರನ ಹೆಂಡ್ತಿ ಅಂತ ಐತಂತೆ."

ಬಾಗಿಲಲ್ಲಿ ಇಬ್ಬರು ಆಟಗಾರರು ಕತ್ತಿಗಾಗಿ ಕಾಯುತ್ತಿದ್ದರು. ದ್ಯಾವಪ್ಪ ಅವರತ್ತ ತಿರುಗಲಿಲ್ಲ. ಸುತ್ತಿಗೆ ಕೆಳಗಿಟ್ಟು, ತನ್ನ ಪಕ್ಕದ ಬರಿದಾದ ನೆಲವನ್ನೇ ಬಹಳ ಹೊತ್ತು ನೋಡಿದ. ತನಗೆ ಗೊತ್ತಿದ್ದ ಹೆಂಗಸರ ಹೆಸರುಗಳನ್ನೆಲ್ಲ ಒಂದೊಂದಾಗಿ ಮೆಲ್ಲಗೆ ಕರೆದು ನೋಡಿದ. ಒಂದು ಹೆಸರನ್ನು ಮಾತ್ರ ಮತ್ತೊಮ್ಮೆ ಕರೆದ.

"ಇನ್ನೊಂದು ಓಲೆ ಬರ್ಕೊ," ಎಂದ. "ಅವಳ ಹೆಸರು ಸಾತವ್ವ ಅಂತ ಬರಿ. ಅವಳ ಗಂಡ ಹೇಳಿದ ಅಂತ್ಲೂ ಸೇರ್ಸು."