ಮೊದಲ ಬೆಂಚಿನ ರಾಕೆಟ್

ಬೆಂಚು ಕಿರ್ರೆಂದಿತು. ರಾಕೆಟ್ ಎದ್ದಳು.

ಗಂಟೆ ಹೊಡೆಯಲು ಇನ್ನೂ ಬೇಕಾದಷ್ಟು ಹೊತ್ತಿತ್ತು. ಕೋಣೆಯ ತಲೆಗಳೆಲ್ಲ ಮೇಲೆದ್ದವು. ಆಕೆ ಉತ್ತರ ಪತ್ರಿಕೆಯನ್ನು ಸರ್ ಮುಂದಿಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು. ಎರಡನೆಯ ಬೆಂಚಿನವಳ ಪೆನ್ನು ಅರ್ಧ ಸಮೀಕರಣದಲ್ಲೇ ನಿಂತುಬಿಟ್ಟಿತು. ಮುಂದಿನ ಸಾಲು ಏನೆಂಬುದೇ ತಲೆಯಿಂದ ಹಾರಿಹೋಯಿತು.

ಸಂಜೆ ಅಂಕಗಳ ಬೋರ್ಡಿನ ಮೇಲೆ ಎಂದಿನಂತೆ ರಾಕೆಟ್ ಮೊದಲು, ಇವಳು ಎರಡು. ಕೋಚಿಂಗ್‌ಗೆ ಸೇರಿದಾಗಿನಿಂದ ಇದೇ ಹಾಡು. ಅದಕ್ಕೇ ಇವಳಿಗೆ ‘ಸೆಕೆಂಡ್’ ಎಂಬ ಹೆಸರು ಅಂಟಿಕೊಂಡಿತ್ತು.

“ಬೇಜಾರು ಮಾಡ್ಕೋಬೇಡ್ವೇ,” ಎಂದಳು ಪಕ್ಕದಲ್ಲಿ ಕೂರುವ ಗೆಳತಿ. ಪಾಠದುದ್ದಕ್ಕೂ ಬಾಯಿ ತೆರೆಯುವುದರಿಂದ ಅವಳು ‘ಆಕಳಿಕೆ’. “ನಾನಂತೂ ಬೋರ್ಡನ್ನ ಕೆಳಗಿಂದ ಓದ್ತೀನಿ. ನನ್ನ ಹೆಸರು ಬೇಗ ಸಿಗುತ್ತೆ.”

ಸೆಕೆಂಡ್‌ಗೆ ನಗು ಬರಲಿಲ್ಲ. ಭೌತಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ ಶುಲ್ಕವಿಲ್ಲದ ಸೀಟು ಇದ್ದದ್ದು ಒಂದೇ ಒಂದು. ಅದು ಪ್ರವೇಶ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದಿರುವವರಿಗೆ. ದುಡ್ಡು ಕೊಟ್ಟು ಓದುವ ಮಾತು ಅವರ ಮನೆಯಲ್ಲಿ ಏಳುತ್ತಲೇ ಇರಲಿಲ್ಲ. ಸಾಕಿದ ಚಿಕ್ಕಮ್ಮ ಕನ್ನಡಕದ ಅಂಗಡಿಯಲ್ಲಿ ಒಂಟಿಯಾಗಿ ಲೆನ್ಸ್ ಉಜ್ಜುತ್ತಿದ್ದಳು.

“ಇದೊಂದು ವರ್ಷ ನೋಡು. ಆಗ್ಲಿಲ್ವಾ, ಬಂದು ಅಂಗಡೀಲಿ ಕೂತ್ಕೋ,” ಎಂದಿದ್ದಳು ಚಿಕ್ಕಮ್ಮ. “ನನ್ನ ಕಣ್ಣೂ ಮಂಜಾಗ್ತಿದೆ. ಕನ್ನಡಕ ಮಾರೋಳೇ ತಡಕಾಡಿದ್ರೆ ಜನ ನಗಲ್ವೇನೇ?”

ಅಜ್ಜಿಯ ಕಥೆಗಳಲ್ಲಿ ರಾಕ್ಷಸನ ಜೀವ ಅವನ ಮೈಯಲ್ಲಿರುವುದಿಲ್ಲ. ಏಳು ಸಮುದ್ರದಾಚೆ, ಮರದ ಪೊಟರೆಯೊಳಗೆ, ಒಂದು ಗಿಣಿಯಲ್ಲಿರುತ್ತದೆ. ಸೆಕೆಂಡ್ ದಿನವೂ ಮುಂದಿನ ಬೆಂಚಿನವಳ ಬೆನ್ನನ್ನೇ ನೋಡುತ್ತಿದ್ದಳು. ಇವಳ ಗಿಣಿ ಎಲ್ಲಿದೆ?

ಹುಡುಕಿದಷ್ಟೂ ಕೈಗೆ ಹತ್ತಲಿಲ್ಲ. ರಾಕೆಟ್ ಯಾರ ಬಳಿಯೂ ಸಂಶಯ ಕೇಳುತ್ತಿರಲಿಲ್ಲ. ಕಚ್ಚಾ ಲೆಕ್ಕಕ್ಕೆಂದು ಹಾಳೆ ಮುಟ್ಟುತ್ತಿರಲಿಲ್ಲ, ಎಲ್ಲ ತಲೆಯಲ್ಲೇ! ಸರ್ ಒಬ್ಬೊಬ್ಬರನ್ನಾಗಿ ಬೋರ್ಡಿಗೆ ಕರೆದು ಬೆವರಿಳಿಸುತ್ತಿದ್ದರು, ಅವಳೊಬ್ಬಳನ್ನು ಬಿಟ್ಟು. ಅಂಥವಳನ್ನು ಪರೀಕ್ಷಿಸುವುದೇನಿದೆ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಒಮ್ಮೆ ನೀರಿನ ನಲ್ಲಿಯ ಬಳಿ ಸೆಕೆಂಡ್ ತಡೆಯಲಾರದೆ ಕೇಳಿಯೇಬಿಟ್ಟಳು.

“ಹೇಗೆ ಓದ್ತೀಯ ಮಾರಾಯ್ತಿ? ನಂಗೂ ಸ್ವಲ್ಪ ಹೇಳು.”

ರಾಕೆಟ್ ಬಾಟಲಿಯ ಮುಚ್ಚಳ ತಿರುಗಿಸುತ್ತ ನಿಂತಳು. “ನನ್ನ ನೋಡ್ಬೇಡ. ನಿಂಗೆ ಬರುತ್ತೆ. ನಂಗಿಂತ ಚೆನ್ನಾಗೇ ಬರುತ್ತೆ.”

ಸೆಕೆಂಡ್‌ಗೆ ಮೈಯೆಲ್ಲ ಉರಿಯಿತು. ಗೆದ್ದವರು ಸೋತವರ ತಲೆ ಸವರುವ ಮಾತು ಇದು. ಅಂದಿನಿಂದ ಓದಲು ಕುಳಿತರೆ ಪುಟ ತಿರುಗದಾಯಿತು. ಕಿವಿಯಲ್ಲಿ ಬೆಂಚು ಕಿರ್ರೆನ್ನುತ್ತಿತ್ತು. ಆಕಳಿಕೆಗೆ ತಿಳಿಯದ್ದನ್ನು ಹೇಳಿಕೊಡುವಾಗ ಮಾತ್ರ ಎಲ್ಲವೂ ನೀರು ಕುಡಿದಷ್ಟು ಸುಲಭವಾಗಿ ಬರುತ್ತಿತ್ತು. ಬಂದು ಏನು ಪ್ರಯೋಜನ?

ಪರೀಕ್ಷೆಯ ದಿನ ಕೇಂದ್ರದ ಗೇಟಿನ ಮುಂದೆ ಜಾತ್ರೆಯಂಥ ಜನ. ರಾಕೆಟ್ ಗೋಡೆಗೊರಗಿ ನಿಂತಿದ್ದಳು. ಎರಡೂ ಭುಜಗಳಿಗೆ ಬೇರೆಯವರ ಚೀಲಗಳು, ಕೈಯಲ್ಲಿ ಇನ್ನೊಂದಿಷ್ಟು. ಉಳಿದವರು ಪ್ರವೇಶ ಪತ್ರ ಹಿಡಿದು ನಡುಗುತ್ತಿದ್ದರೆ ಇವಳು ಎಲ್ಲರ ಸಾಮಾನು ಕಾಯುತ್ತಿದ್ದಾಳೆ! ಕೊನೆಯ ಗಳಿಗೆಯಲ್ಲಿ ಒಳಗೆ ಹೋಗಿ, ಎಲ್ಲರಿಗಿಂತ ಮೊದಲು ಎದ್ದು ಬರುತ್ತಾಳೆ. ಅಷ್ಟು ಧೈರ್ಯ.

ಒಳಗೆ ಹೋಗಿ ಆ ಬೆಂಚಿನ ಸದ್ದು ಮತ್ತೆ ಕೇಳಬೇಕೇ? ಇರುವ ಒಂದು ಸೀಟಿಗೆ ಆಗಲೇ ಒಡತಿ ನಿಂತಿದ್ದಾಳೆ. ಸೆಕೆಂಡ್ ತಿರುಗಿ ನಡೆದಳು.

“ಏಯ್! ಎಲ್ಲಿಗೆ ಹೋಗ್ತಿದ್ದೀಯ?” ರಾಕೆಟ್ ಚೀಲಗಳನ್ನು ಬೀಳಿಸಿ ಹಿಂದೆಯೇ ಓಡಿಬಂದಳು. “ಒಳಗೆ ಹೋಗೇ! ದಮ್ಮಯ್ಯ, ಒಳಗೆ ಹೋಗು!”

“ನಿನ್ನೆದುರು ಸೋಲೋಕೆ ಒಬ್ಳು ಬೇಕಲ್ವಾ? ಬೇರೆ ಯಾರನ್ನಾದ್ರೂ ನೋಡ್ಕೋ.”

ಹಿಂದೆ ಗಂಟೆ ಹೊಡೆಯಿತು. ಗೇಟು ಮುಚ್ಚಿತು.

ಚಿಕ್ಕಮ್ಮ ಬೈಯಲಿಲ್ಲ. ತನ್ನ ಪಕ್ಕದ ಸ್ಟೂಲಿನ ಧೂಳು ಒರೆಸಿದಳು, ಅಷ್ಟೆ. ಅದಕ್ಕಿಂತ ಎರಡು ಏಟು ಹಾಕಿದ್ದರೆ ಹಗುರವಾಗುತ್ತಿತ್ತು.

ಬೇಸಿಗೆ ಕಳೆಯುವ ಹೊತ್ತಿಗೆ ಸರ್ ಒಂದು ಮಧ್ಯಾಹ್ನ ಅಂಗಡಿಗೆ ಬಂದರು. ಕೈಯಲ್ಲಿ ಕಾಲು ಕಳಚಿದ ಕನ್ನಡಕ.

“ಮೇಲೇ ಕೂತ್ಬಿಟ್ಟೆ ಕಣಮ್ಮ. ನೋಡು, ಸರಿಹೋಗುತ್ತಾ?”

ಅವಳು ಹೊಸ ತಿರುಪು ಹುಡುಕಿದಳು.

“ಆಕಳಿಕೆಗೆ ಸೀಟು ಸಿಕ್ತು, ಗೊತ್ತಾಯ್ತಾ? ಅದೇ, ಶುಲ್ಕ ಇಲ್ಲದ್ದು.”

ಸಾಸಿವೆಯಷ್ಟು ತಿರುಪು ಬೆರಳ ಸಂದಿಯಿಂದ ಜಾರಿ ನೆಲಕ್ಕೆ ಬಿತ್ತು. ಬೋರ್ಡನ್ನು ಕೆಳಗಿನಿಂದ ಓದುವವಳು! ತಾನು ಹೇಳಿಕೊಟ್ಟಿದ್ದನ್ನೇ ಕಲಿತವಳು!

“ಮತ್ತೆ... ರಾಕೆಟ್?”

“ಅವಳು ಬಿಟ್ಟು ಹೋದ್ಲು. ನೀನು ಗೇಟಿಂದ ವಾಪಸ್ ಹೋದೆ ಅಂತ ಬಂದು ಗೊಳೋ ಅಂತ ಅತ್ತಿದ್ದೇ ಕೊನೆ. ಮಾರನೇ ದಿನದಿಂದ ಮುಖಾನೇ ತೋರಿಸ್ಲಿಲ್ಲ.”

ಅಂದರೆ ಅವಳೂ ಸೋತಳು. ಅಂಥವಳೇ ಸೋತ ಮೇಲೆ ತಾನು ಯಾವ ಲೆಕ್ಕ? ಸೆಕೆಂಡ್ ನೆಲ ತಡಕಿ ತಿರುಪು ಎತ್ತಿಕೊಂಡಳು. ಕನ್ನಡಕದ ಕಾಲು ಕೂಡಿಸಿ ಬಿಗಿ ಮಾಡಿದಳು.

“ಹೊಸ ಬ್ಯಾಚ್ ಶುರುವಾಗ್ತಿದೆ,” ಎಂದರು ಸರ್, ದನಿ ತಗ್ಗಿಸಿ. “ಮೊದಲ ಬೆಂಚು ಖಾಲಿ ಇದೆ. ಮುಂದೆ ಒಬ್ಳು ಓಡ್ತಿದ್ರೇನೇ ಉಳಿದವರೂ ಓಡೋದು. ನೀನು ಬಂದು ಕೂತ್ಕೋ. ಫೀಸು ಗೀಸು ಬೇಡ, ನಾನೇ ತಿಂಗಳಿಗಿಷ್ಟು ಅಂತ ಕೊಡ್ತೀನಿ.”

ಅವಳ ಕಣ್ಣು ತುಂಬಿತು. ಸೋತವಳ ಮೇಲೆ ಇಷ್ಟು ಕರುಣೆಯೇ?

“ನನ್ನಿಂದ ಆಗಲ್ಲ ಸರ್. ಅವಳ ಥರ ಗಂಟೆಗೆ ಮೊದ್ಲೇ ಮುಗಿಸಿ ಏಳೋದು ಈ ಜನ್ಮದಲ್ಲಿ ನಂಗೆ ಬರಲ್ಲ.”

ಸರ್ ಕನ್ನಡಕ ಏರಿಸಿಕೊಂಡು ನಕ್ಕರು. “ಅದಕ್ಯಾಕೆ ಹೆದರ್ತೀಯ? ಅವಳಿಗೆ ಕೊಡ್ತಿದ್ದ ಹಾಗೇ ನಿಂಗೂ ಉತ್ತರಾನೆಲ್ಲ ಹಿಂದಿನ ದಿನವೇ ಕೊಟ್ಬಿಡ್ತೀನಿ ಕಣಮ್ಮ.”