ಗಂಗೆಯ ಗಿಂಡಿ

“ಇದನ್ನ ಬಿಚ್ಚಿ, ಮತ್ತ ಮೊದಲಿನ್ಹಂಗ ಮುಚ್ಚಿ ಕೊಡ್ರಿ. ಬಿಚ್ಚಿದ್ದು ಯಾರಿಗೂ ತಿಳೀಬಾರದು.”

ದ್ವಾರಕಾಬಾಯಿ ಸೆರಗಿನ ಮರೆಯಿಂದ ತೆಗೆದಿಟ್ಟದ್ದನ್ನು ನೋಡಿ ಅಮರಪ್ಪ ಪತ್ತಾರ ಕೈಯಲ್ಲಿದ್ದ ಕೆಲಸ ಕೆಳಗಿಟ್ಟ. ತಾಮ್ರದ ಸಣ್ಣ ಗಿಂಡಿ. ಮುಚ್ಚಳಕ್ಕೆ ಸುತ್ತಲೂ ಬೆಸುಗೆ. ಒಳಗಿರುವುದು ಕಾಶಿಯ ಗಂಗೆ.

ಜೋರಾಪುರ ಪೇಟೆಯ ಬ್ರಾಹ್ಮಣರ ವಾಡೆಗಳಲ್ಲಿ ಇಂಥ ಗಿಂಡಿ ದೇವರ ಕೋಣೆಯಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಹಿರಿಯರ ಕೊನೆಗಳಿಗೆ ಬಂದಾಗ ಪತ್ತಾರನಿಗೆ ಕರೆ ಹೋಗುತ್ತದೆ. ಅವನು ಬೆಸುಗೆ ಬಿಡಿಸುತ್ತಾನೆ, ಮಗ ತುಳಸಿ ಎಲೆಯಿಂದ ಬಾಯಿಗೆ ಹನಿ ಬಿಡುತ್ತಾನೆ. ಅದಕ್ಕೆ ಮೊದಲು ಬಿಚ್ಚುವ ಮಾತೇ ಇಲ್ಲ.

ವಾಡೆಯ ಹಿರಿಯಳು ಆನಂದೀಬಾಯಿ, ದ್ವಾರಕಾಬಾಯಿಯ ಅತ್ತೆ, ಮೂರು ವಾರದಿಂದ ಹಾಸಿಗೆ ಹಿಡಿದಿದ್ದಳು. ಕಾಯಿಸಿ ಆರಿಸಿದ ನೀರು ಬಿಟ್ಟು ಬೇರೇನೂ ಕೊಡಬಾರದೆಂದು ವೈದ್ಯರ ಕಟ್ಟಪ್ಪಣೆ. ಆ ನೀರನ್ನೂ ಮಗ ಪ್ರಲ್ಹಾದರಾಯನೇ ಕೈಯಾರೆ ಕುಡಿಸುತ್ತಿದ್ದ, ಹೆಂಡತಿಯನ್ನು ಹತ್ತಿರ ಬಿಡುತ್ತಿರಲಿಲ್ಲ. ಬಿಡುವುದಾದರೂ ಹೇಗೆ? ಇಪ್ಪತ್ತು ವರ್ಷ ಆ ಅತ್ತೆ ಸೊಸೆಯರ ಜಗಳ ಕೇಳಿಯೇ ಓಣಿಗೆ ಬೆಳಗಾಗುತ್ತಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಜನ ನಗುತ್ತಿದ್ದರು.

ದೇವರ ಕೋಣೆಯ ಕೀಲಿ ಯಾವತ್ತೂ ಮುದುಕಿಯ ಸೊಂಟದಲ್ಲಿ. ಸೊಸೆಯ ಕೈಗೆ ಅದು ಹೇಗೆ ಬಂತೆಂದು ಅಮರಪ್ಪ ಕೇಳಲಿಲ್ಲ. ಎದ್ದು ಕೂರಲಾರದವಳ ಸೊಂಟದಿಂದ ಕೀಲಿ ಬಿಚ್ಚಲು ಎಷ್ಟು ಹೊತ್ತು?

ಆಗಲಾರದು ಎಂದ. ಹಾಗಾದರೆ ಬೇರೆ ಪತ್ತಾರರ ಕಡೆ ಹೋಗುತ್ತೇನೆ ಎಂದಳು. ಅಮರಪ್ಪ ಯೋಚಿಸಿದ. ಬೇರೆಯವನು ಬಿಚ್ಚಿದರೆ ಒಳಗೆ ಏನು ಹೋಯಿತೆಂದು ತನಗೆ ತಿಳಿಯುವುದಿಲ್ಲ. ತಾನೇ ಬಿಚ್ಚಿದರೆ ತಿಳಿಯುತ್ತದೆ.

ತಿದಿ ಒತ್ತಿದ. ಇದ್ದಿಲು ಕೆಂಪಾಯಿತು. ತಾಮ್ರದ ಮೂತಿಯ ಬೆಸುಗೆಕೋಲನ್ನು ಕೆಂಡದಲ್ಲಿ ಹೂತು ಕಾದ. ಮೂತಿಯ ಸುತ್ತ ಉರಿ ಹಸಿರಾದಾಗ ಹೊರಗೆಳೆದು ಮಸಿ ಹೋಗಲೆಂದು ನವಸಾಗರದ ಉಪ್ಪಿನ ಗಟ್ಟಿಗೆ ತಿಕ್ಕಿದ. ಬಿಳಿ ಹೊಗೆ ಎದ್ದಿತು. ಕೋಲು ಮುಚ್ಚಳದ ಸುತ್ತ ಒಂದು ಸುತ್ತು ಬಂದದ್ದೇ ಹಳೆಯ ಬೆಸುಗೆ ಕರಗಿ ಹನಿಯಿತು. ಒಂದು ಹನಿಯನ್ನೂ ಬಿಡದೆ ಕೂಡಿಸಿದ. ಯುದ್ಧ ಶುರುವಾದ ಮೇಲೆ ವಿಜಾಪುರದ ಪೇಟೆಯಲ್ಲಿ ಬೆಸುಗೆಯ ಕಲಾಯಿ ಸಿಗುವುದೇ ದುರ್ಲಭವಾಗಿತ್ತು.

“ಚೂರು ಹೊರಗ ಇರ್ರಿ,” ಎಂದಳು.

ಅವನು ಹೊರಗೆ ಹೋಗಿ ಬಾಗಿಲ ಸಂದಿಯಿಂದ ನೋಡಿದ. ಅವಳು ಹಿತ್ತಿಲಿಗೆ ಇಳಿದು ಗಂಗೆಯನ್ನೆಲ್ಲ ತುಳಸಿಯ ಬುಡಕ್ಕೆ ಸುರಿದಳು. ಸೆರಗಿನಿಂದ ಔಷಧದ ನೀಲಿ ಬಾಟಲಿ ತೆಗೆದು ಗಿಂಡಿಗೆ ಬಗ್ಗಿಸಿದಳು. ಅವಳ ಕಣ್ಣು ಒದ್ದೆಯಾಗಿತ್ತು. ಪಾಪ ಮಾಡುವವರಿಗೂ ಅಳು ಬರುತ್ತದೆ ಎಂದುಕೊಂಡ ಅಮರಪ್ಪ.

ಅದೇ ಲೋಹವನ್ನು ಕರಗಿಸಿ ಗಿಂಡಿಯನ್ನು ಮೊದಲಿನಂತೆಯೇ ಮುಚ್ಚಿಕೊಟ್ಟ. ಇನ್ನೆರಡು ದಿನದಲ್ಲಿ ಕರೆ ಬರುತ್ತದೆ, ಏನೂ ಗೊತ್ತಿಲ್ಲದವರಂತೆ ಬಂದು ಬಿಚ್ಚಿ ಎಂದು ಹೇಳಿ ಅವಳು ಹೋದಳು. ಸಾವಿನ ದಿನ ಕೂಡ ಅವಳಿಗೆ ಗೊತ್ತಿತ್ತು.

ಊಟಕ್ಕೆ ಬಡಿಸುತ್ತ ಹೆಂಡತಿ ಕಾಳವ್ವ ತಾನಾಗಿಯೇ ಅಂದಳು: “ವಾಡೇದ ಸೊಸಿ ಮುಂಜಾನೆ ಬಬಲೇಶ್ವರ ಮೋಟಾರಿನಿಂದ ಇಳಿಯೂದು ನೋಡಿದ್ನಿ. ಕಾಲೆಲ್ಲಾ ಎರಿಮಣ್ಣ. ಒಬ್ಬಾಕಿನ ಇದ್ಲು.”

ಬಬಲೇಶ್ವರದ ಕಡೆ ಬೇರು ಬಳ್ಳಿ ಕೊಡುವವನೊಬ್ಬನಿದ್ದ. ಇಲಿಗೂ ಕೊಡುತ್ತಿದ್ದ, ಕೇಳಿದರೆ ಮನುಷ್ಯರಿಗೂ. ಅಮರಪ್ಪ ತಾಟು ಸರಿಸಿ ಎದ್ದ. ಪ್ರಲ್ಹಾದರಾಯನಿಗೆ ಹೇಳಿಬಿಡಲೇ? ಬೆಸುಗೆ ಹಾಕಿದ ಕೈ ಯಾರದೆಂದು ಮೊದಲು ಕೇಳುತ್ತಾನೆ. ಸುಮ್ಮನಿದ್ದರೆ ಕೊಲೆಯಲ್ಲಿ ತನಗೂ ಪಾಲು. ಹಾಸಿಗೆಯಲ್ಲಿ ಮಲಗಿದವಳು ಇನ್ನೂ ನಾಲ್ಕು ದಿನ ಬದುಕಬಹುದಾಗಿತ್ತೇನೋ. ಅವನಿಗೆ ನಿಜವಾಗಿ ಭಯವಾಯಿತು.

ಮೂರನೆಯ ದಿನ ಮಧ್ಯಾಹ್ನ ಕರೆ ಬಂತು.

ಆನಂದೀಬಾಯಿಯನ್ನು ಸೆಗಣಿ ಸಾರಿಸಿದ ನೆಲಕ್ಕೆ ಇಳಿಸಿದ್ದರು. ಉಸಿರು ಮೇಲಕ್ಕೆ ಹತ್ತಿತ್ತು. ಮಗ ತಲೆಯ ಬಳಿ, ಸೊಸೆ ಕಂಬದ ಬಳಿ. ಗಿಂಡಿ ಕಂಡದ್ದೇ ತಡ, ಮುದುಕಿ ತಾನಾಗಿಯೇ ಬಾಯಿ ತೆರೆದಳು. ಭಕ್ತಿ ಎಂದರೆ ಇದು ಎಂದು ನೆರೆದವರು ಕಣ್ಣೊರೆಸಿಕೊಂಡರು.

ಅಮರಪ್ಪ ಕೋಲು ಕಾಯಿಸಿದ, ಬೆಸುಗೆ ಬಿಡಿಸಿದ. ಗಿಂಡಿಯನ್ನು ಇಕ್ಕಳದಲ್ಲಿ ಎತ್ತಿ ಪ್ರಲ್ಹಾದರಾಯನತ್ತ ಚಾಚಿದ. ಚಾಚುತ್ತ ಹಿಡಿತ ಸಡಿಲಿಸಿದ.

ಗಿಂಡಿ ಉರುಳಿತು. ಸಾರಿಸಿದ ನೆಲ ನೀರನ್ನೆಲ್ಲ ಕುಡಿದುಬಿಟ್ಟಿತು. ಪ್ರಲ್ಹಾದರಾಯ ಬಾಯಿಗೆ ಬಂದಂತೆ ಬೈದ, ಅಮರಪ್ಪ ತಲೆ ತಗ್ಗಿಸಿ ಬೈಸಿಕೊಂಡ. ದ್ವಾರಕಾಬಾಯಿ ಕಂಬ ಹಿಡಿದು ಕುಸಿದಳು. ಮುದುಕಿಯ ಕಣ್ಣು ಮಾತ್ರ ಒದ್ದೆ ನೆಲದ ಮೇಲೆ ನೆಟ್ಟಿತ್ತು. ಪಕ್ಕದ ವಾಡೆಯಿಂದ ಓಡಿಹೋಗಿ ಬೇರೆ ಗಂಗೆ ತಂದರು. ಮಗ ಹನಿ ಬಿಡುವಾಗ ಅವಳು ಹಲ್ಲು ಕಚ್ಚಿದ್ದಳು. ನೀರು ತುಟಿಯ ಅಂಚಿನಿಂದ ಜಾರಿ ಕಿವಿಗೆ ಇಳಿಯಿತು. ಅಷ್ಟರಲ್ಲೇ ಜೀವ ಹೋಯಿತು.

ಅಮರಪ್ಪ ಸಾಮಾನು ಕಟ್ಟಿಕೊಂಡು ಹಿತ್ತಿಲ ಬಾಗಿಲಿಗೆ ಬಂದಾಗ ದ್ವಾರಕಾಬಾಯಿ ಅಡ್ಡ ನಿಂತಿದ್ದಳು. ಅವನಿಗೆ ಈಗ ಅಂಜಿಕೆ ಇರಲಿಲ್ಲ.

“ಬೇಕಂತನ ಬೀಳಿಸೀನ್ರಿ, ವೈನಿ,” ಎಂದ. “ದೇವರು ಕರದಾಗ ಹೋದ್ರು. ನಿಮ್ಮ ಬಬಲೇಶ್ವರದ ವಿಷಾ ಅವರ ಬಾಯಿಗಿ ಹೋಗಲಿಲ್ಲ.”

ಅವಳು ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದಳು.

“ಕೀಲಿ ಕೊಟ್ಟು ಕಳಿಸಿದವರು ಅತ್ತಿಯವರೇ, ಪತ್ತಾರರೇ. ಒಂಬತ್ತು ವರ್ಷದಾಕಿ ಇದ್ದಾಗ ಬಿಟ್ಟು ಬಂದ ಬಬಲೇಶ್ವರದ ತಮ್ಮ ಅಪ್ಪನ ಮನಿ ಬಾವಿ ನೀರ ಕಡೀ ಗುಟುಕಿಗೆ ಬೇಕಂದ್ರು. ಮಗ ಗಂಗಿ ಬಿಟ್ಟು ಬ್ಯಾರೆ ಹಾಕಾಂವ ಅಲ್ಲ ಅಂತ ನಾವಿಬ್ರೂ ಕೂಡೇ ಈ ಹಂಚಿಕಿ ಹಾಕಿದ್ವಿ.”