ಕಹಿ ಭಂಡಾರ

ಯಂಕವ್ವ ಉಗುಳಿದ ಗುಳಿಗೆ ಈ ಸಲ ನೇರವಾಗಿ ಹೋಗಿ ಮೋತ್ಯಾನ ಮೂತಿಗೆ ಬಿತ್ತು. ಹೊರಸಿನ ಕೆಳಗೆ ಬಿದ್ದುಕೊಂಡಿದ್ದ ಆ ನಾಯಿ ಅದನ್ನು ಒಮ್ಮೆ ಮೂಸಿ, ತನಗೂ ಬೇಡವೆಂದು ಮುಖ ತಿರುಗಿಸಿತು. ಅರ್ಜುನಪ್ಪ ಮಾಸ್ತರ ಹಣೆ ಹಣೆ ಬಡಿದುಕೊಂಡ. ಸತ್ತೂರಿನ ಸಾಲೆಯ ಹುಡುಗರನ್ನೆಲ್ಲ ಬರೀ ಕಣ್ಣಿನಲ್ಲಿ ಹೆದರಿಸಿ ಕೂಡಿಸುವವನಿಗೆ ಹಡೆದ ತಾಯಿಯ ಬಾಯಿ ತೆರೆಸುವುದು ಆಗುತ್ತಿರಲಿಲ್ಲ.

“ಯವ್ವಾ, ನಿನ್ನ ಕಾಲ ಹಿಡೀತೇನಿ, ನುಂಗು.”

“ಮೈಮ್ಯಾಲೆ ಅವ್ವ ಬಂದಾಳ. ಅಂಗೈ ಅಂಗಾಲಿಗೆಲ್ಲಾ ಕುಂಕುಮ ಚಿಮುಕಿಸ್ಯಾಳ, ಕಾಣಂಗಿಲ್ಲೇನು ನಿನಗ? ಅವ್ವ ಬಂದ ಮನ್ಯಾಗ ಒಗ್ಗರಣಿ ಸೈತ ಹಾಕಂಗಿಲ್ಲ, ಇಂವಾ ಔಷಧ ತಿನಸಾಕ ಬಂದಾನ!”

“ರಶಿಯಾದಾವ್ರು ಮನಷ್ಯಾನ್ನ ಆಕಾಶಕ್ಕ ಕಳಿಸಿ ಇಳಿಸಿಕೊಂಡ್ರು. ನೀ ಇನ್ನೂ ಬೇವಿನ ತೊಪ್ಪಲದ ಮ್ಯಾಲೆ ಮಲಗು!”

“ಆಕಾಶಕ್ಕ ಹ್ವಾದಾಂವಗ ಅವ್ವ ಬಂದಿದ್ದಳೇನು?” ಎಂದು ಯಂಕವ್ವ ಅಷ್ಟು ಜ್ವರದಲ್ಲೂ ತಿರುಗಿ ಕೇಳಿದಳು.

ಧಾರವಾಡದಿಂದ ಸೈಕಲ್ ಮೇಲೆ ಬಂದಿದ್ದ ಡಾಕ್ಟರ್ ಮಹಾದೇವಪ್ಪ ಬೆಳಿಗ್ಗೆಯೇ ಎಲ್ಲ ಬಿಡಿಸಿ ಹೇಳಿ ಹೋಗಿದ್ದರು. ಯಂಕವ್ವನ ಅಂಗೈ ನೋಡಿ, ಆಮೇಲೆ ಹೊರಸಿನ ಕೆಳಗಿನ ನಾಯಿ ನೋಡಿ, “ಇದು ಅವ್ವ ಅಲ್ರಿ ಮಾಸ್ತರ, ಉಣ್ಣಿ,” ಎಂದಿದ್ದರು. “ನಿಮ್ಮ ನಾಯಿ ಹಿತ್ತಲ ಹೊಲದಾಗ ಇಲಿ ಹಿಡಿಯಾಕ ಹೋಗ್ತೈತಲ್ಲ, ಆ ಹೊಲದ ಇಲಿ ಮೈಯಾಗಿನ ಉಣ್ಣಿ ಇದಕ್ಕ ಹತ್ತತಾವ. ಅವನ್ನ ಉಗುರಾಗ ಕುಕ್ಕಿದ್ರ ಹೊಟ್ಟ್ಯಾಗಿನ ಕ್ರಿಮಿ ಬೆರಳಿನ ಗಾಯದಾಗಿಂದ ನೆತ್ತರಕ್ಕ ಇಳೀತಾವ. ಗುಳಿಗಿ ಹೊಟ್ಟಿಗೆ ಬಿತ್ತೋ, ಬದುಕಿದ್ರು. ಬೀಳಲಿಲ್ಲೋ, ಈ ವಯಸ್ಸಿನ್ಯಾಗ ನಾ ಏನೂ ಹೇಳಂಗಿಲ್ಲ.” ಯಂಕವ್ವ ದಿನಾ ಮಧ್ಯಾಹ್ನ ಉಂಡಮೇಲೆ ಮೋತ್ಯಾನನ್ನು ತೊಡೆಯ ಮೇಲೆ ಕೆಡವಿಕೊಂಡು, ಹೇನು ಕುಕ್ಕಿದ ಹಾಗೆ ಹೆಬ್ಬೆರಳ ಉಗುರಿನ ಮೇಲೆ ಉಣ್ಣಿ ಕುಕ್ಕುವವಳು. ಬೇಡವೆಂದರೆ ಯಾರ ಮಾತೂ ಕೇಳುವ ಪೈಕಿ ಅವಳಲ್ಲ.

ಸಂಜೆಯಾಗುತ್ತಿದ್ದಂತೆ ಅವಳು ಸತ್ತುಹೋದ ಗಂಡನನ್ನು ಊಟಕ್ಕೆ ಕರೆಯತೊಡಗಿದಳು. “ಬರ್ರಿ, ರೊಟ್ಟಿ ಆರಾಕತ್ತಾವ,” ಎಂದು ಬಾಗಿಲ ಕಡೆ ನೋಡಿ ನಕ್ಕಳು. ಅರ್ಜುನಪ್ಪನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಉಳಿದ ಗುಳಿಗೆಗಳನ್ನು ಮುಷ್ಟಿಯಲ್ಲಿ ಹಿಡಿದು ಓಣಿಯ ತುದಿಗಿದ್ದ ಎಲ್ಲಮ್ಮನ ಜೋಗತಿ ಸಾವಂತ್ರೆವ್ವನ ಮನೆಗೆ ಓಡಿದ. ಎಲ್ಲಮ್ಮನ ಪ್ರಸಾದವೆಂದು ಕೊಡುವ ಭಂಡಾರ ಬರೀ ಅರಿಷಿಣದ ಪುಡಿ, ಅದರಿಂದ ಯಾವ ರೋಗವೂ ಹೋಗದು ಎಂದು ಸಾಲೆಯಲ್ಲಿ ವರ್ಷ ವರ್ಷವೂ ಪಾಠ ಮಾಡುವ ಮನುಷ್ಯ!

ಕಾಗದದ ಮೇಲೆ ಒಂದು ಗುಳಿಗೆಯ ಕೊಳವೆ ಬಿಚ್ಚಿ ತೋರಿಸಿದ. ಒಳಗೆ ಹಳದಿ ಪುಡಿ.

“ಥೇಟ್ ಭಂಡಾರನ ಐತಲ್ರಿ ಮಾಸ್ತರ!” ಎಂದು ಸಾವಂತ್ರೆವ್ವ ಮೂಗಿನ ಮೇಲೆ ಬೆರಳಿಟ್ಟಳು. ಆಮೇಲೆ ದನಿ ಇಳಿಸಿ, “ಸುಳ್ಳ ಹೇಳಿದ್ರ ಅವ್ವ ಸುಮ್ಮನ ಬಿಡ್ತಾಳೇನ್ರಿ?” ಎಂದಳು.

“ಸುಳ್ಳ ನಾ ಹೇಳ್ತೇನಿ. ನೀವು ಬರೇ ಕೊಡ್ರಿ. ಲಗೂ ನಡೀರಿ ನಮ್ಮವ್ವಾ!”

ಸಾವಂತ್ರೆವ್ವ ಬಂದು “ಉಧೋ ಉಧೋ” ಎಂದಿದ್ದೇ ತಡ, ಆ ಜ್ವರದ ಮಬ್ಬಿನಲ್ಲೂ ಯಂಕವ್ವ ಹಸುಗೂಸಿನ ಹಾಗೆ ಬಾಯಿ ತೆರೆದಳು. ಮರುಕ್ಷಣವೇ ಮುಖ ಕಿವುಚಿದಳು.

“ಯಾಕಬೇ ಸಾವಂತ್ರೀ, ಇಷ್ಟ ಕಹಿ?”

“ನೀ ಗುಳಿಗಿ ಉಗುಳಿದ್ದಕ್ಕ ಅವ್ವಗ ಸಿಟ್ಟ ಬಂದೈತಿ,” ಎಂದ ಅರ್ಜುನಪ್ಪ, ಹಲ್ಲು ಕಚ್ಚಿಕೊಂಡು. ತಾಯಿ ನೋಡುತ್ತಿದ್ದಳಲ್ಲ, ಕೈಯನ್ನೂ ಮುಗಿದ.

ಅವ್ವನ ಸಿಟ್ಟು ಹೊತ್ತು ಹೊತ್ತಿಗೆ ತಪ್ಪದೆ ಹೊಟ್ಟೆಗೆ ಬಿತ್ತು. ಜ್ವರ ಬಿಟ್ಟಿತು, ಕೆಂಪು ಬೊಟ್ಟುಗಳು ಮಾಸಿದವು. ಮುಂದಿನ ವಾರ ಅರ್ಜುನಪ್ಪ ಸಾಲೆಯಿಂದ ಬಂದು ನೋಡುತ್ತಾನೆ, ಕಟ್ಟೆಯ ಮೇಲೆ ಯಂಕವ್ವ, ತೊಡೆಯ ಮೇಲೆ ಮೋತ್ಯಾ, ಹೆಬ್ಬೆರಳ ಉಗುರಿನ ಮೇಲೆ ಟಪ್ ಟಪ್. ಎದುರಿಗೆ ಸಾವಂತ್ರೆವ್ವ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದಾಳೆ.

“ಯವ್ವಾ! ಮತ್ತ ಅದನ್ನ ಮಾಡಾಕತ್ತೀಯಲ್ಲ! ಡಾಕ್ಟರು ಬಾಯಿ ಹರಕೊಂಡು ಹೇಳಿದ್ದು ಎಲ್ಲಿ ಹೋತು?”

“ಬಂದ್ರ ಬರ್ಲಿ ಬಿಡೋ. ಭಂಡಾರ ಐತಲ್ಲ.”

ಅರ್ಜುನಪ್ಪ ಖರೇ ಮಾತು ಹೇಳಿಯೇ ಬಿಡುವವನಿದ್ದ. ಹೇಳಿದರೆ ಮುಂದೆ ಜ್ವರ ಬಂದಾಗ ಇವಳು ಭಂಡಾರಕ್ಕೂ ಬಾಯಿ ತೆರೆಯುವುದಿಲ್ಲವಲ್ಲ ಎಂದು ನಾಲಗೆ ಹಿಂದೆ ಎಳೆದುಕೊಂಡ. ಇಂಥ ಇಕ್ಕಟ್ಟು ವೈರಿಗೂ ಬೇಡ! ಅಷ್ಟರಲ್ಲಿ ಹಿಂದಿನ ಓಣಿಯ ಕಸ್ತೂರೆವ್ವ, ಕುರಿ ಕಾಯುವ ತನ್ನ ಗಂಡ ಬೀರಪ್ಪನ ರಟ್ಟೆ ಹಿಡಿದು ನಡೆಸಿಕೊಂಡು ಬಂದಳು. ಸುಡು ಬಿಸಿಲಿನಲ್ಲಿ ಅವನು ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದ.

“ಧಾರವಾಡದ ದವಾಖಾನಿಗೆ ಕರಕೊಂಡ ಹೊಂಟೇನಿ ಯಕ್ಕಾ, ಬಸ್ಸಿನ ಹೊತ್ತಾತು,” ಎಂದಳು ಕಸ್ತೂರೆವ್ವ.

“ಯಾ ದವಾಖಾನಿ? ಕೂಡಸ ಇಲ್ಲೇ!” ಎಂದಳು ಯಂಕವ್ವ. “ನನ್ನನ್ನ ಬದುಕಿಸಿದ್ದು ಭಂಡಾರ. ಸಾಲಿ ಕಲಿಸೋ ನನ್ನ ಮಗನೇ ಕೈ ಮುಗದಾನ, ಬೇಕಾದ್ರ ಕೇಳು. ಸಾವಂತ್ರೀ, ಇವಗೊಂದೀಟು ಕೊಡು.”

ಬೀರಪ್ಪ ಕಂಬಳಿಯೊಳಗಿಂದ ಅಂಗೈ ಚಾಚಿದ. ಅಂಗೈ ತುಂಬ ಕೆಂಪು ಬೊಟ್ಟು. ಸಾವಂತ್ರೆವ್ವ ಭಂಡಾರದ ಚೀಲದಲ್ಲಿ ಕೈ ಹಾಕಿದವಳು ಹಾಗೆಯೇ ತಡೆದಳು. ಮೆಲ್ಲಗೆ ಅರ್ಜುನಪ್ಪನ ಕಡೆ ಬಾಗಿ ಕೇಳಿದಳು:

“ಮಾಸ್ತರ, ಯಾವ ಭಂಡಾರ ಕೊಡ್ಲಿ?”